ಯುದ್ಧ ಮುಗಿಸಿ ಬಂದವನಿಗೆ ಮನೆಯೇ ಹೊಸತು

1990ರ ಆಗಸ್ಟ್ ತಿಂಗಳನ್ನು ನಮ್ಮ ಕರಾವಳಿಯ ಅನೇಕ ಮನೆಗಳು ಇನ್ನೂ ಮರೆತಿಲ್ಲ. ಆ ತಿಂಗಳ 2ನೇ ತಾರೀಕಿಗೆ ಇರಾಕ್‌ನ ಸೇನೆ ಕುವೈತ್‌ಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ನಮ್ಮವರು ಅಂಗಡಿ, ಬಾಕಿ ಸಂಬಳ, ಮಗಳ ಮದುವೆಗೆಂದು ಕೂಡಿಟ್ಟದ್ದು ಎಲ್ಲ ಬಿಟ್ಟು ಬಸ್ಸು ಹತ್ತಿದರು. ಬಗ್ದಾದ್ ದಾರಿಯಾಗಿ ಜೋರ್ಡಾನ್ ಗಡಿ, ಮರುಭೂಮಿಯಲ್ಲಿ ಡೇರೆ, ನೀರಿಗೆ ಸಾಲು, ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ. ಹಾಗೆ ಹಾರಿ ಬಂದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು ಮಂದಿ. ಬೊಂಬಾಯಿಯಲ್ಲಿ ಇಳಿದು, ಬಸ್ಸಿನಲ್ಲಿ ಊರಿಗೆ ಬಂದು, ಉಮ್ಮನ ಎದುರು ಬರಿಗೈಯಲ್ಲಿ ನಿಂತವರ ಕತೆ ನಮ್ಮಲ್ಲಿ ಬೇಕಾದಷ್ಟು ಉಂಟು.

ಅದೇ ವಾರಗಳಲ್ಲಿ, ಅದೇ ಇರಾಕ್‌ನ ರಸ್ತೆಗಳಲ್ಲಿ, ಇನ್ನೊಂದು ದಿಕ್ಕಿಗೆ ಬೇರೆ ಬಸ್ಸುಗಳು ಹೋಗುತ್ತಿದ್ದವು. ಅವುಗಳಲ್ಲಿ ಇದ್ದವರು ಇರಾನಿನ ಸೈನಿಕರು, ಯುದ್ಧಕೈದಿಗಳು. ಕುವೈತ್ ನುಂಗಿದ ಸದ್ದಾಂ ಹುಸೇನರಿಗೆ ಪಶ್ಚಿಮದ ಕಡೆಯಿಂದ ದೊಡ್ಡ ಯುದ್ಧ ಬರುವುದು ಕಾಣುತ್ತಿತ್ತು. ಪೂರ್ವದ ಗಡಿಯಲ್ಲಿ ಇರಾನಿನ ಎದುರು ನಿಲ್ಲಿಸಿದ ಸೇನೆ ಅವರಿಗೆ ಅರ್ಜೆಂಟಾಗಿ ಬೇಕಾಗಿತ್ತು. ಆಗಸ್ಟ್ ಮಧ್ಯದಲ್ಲಿ ಇರಾನ್ ಅಧ್ಯಕ್ಷ ರಫ್ಸಂಜಾನಿಯವರಿಗೆ ಕಾಗದ ಬರೆದು, ಎಂಟು ವರ್ಷ ಯಾವುದಕ್ಕಾಗಿ ರಕ್ತ ಹರಿಸಿದರೋ ಅದನ್ನೆಲ್ಲ ಬಿಟ್ಟುಕೊಟ್ಟು, ಕೈದಿಗಳನ್ನೂ ಬಿಡುತ್ತೇನೆ ಎಂದರು. ಆಗಸ್ಟ್ 17ರಂದು ಮೊದಲ ಸಾವಿರದಷ್ಟು ಕೈದಿಗಳು ಖುಸ್ರವಿ ಎಂಬ ಗಡಿಠಾಣೆ ದಾಟಿ ಇರಾನಿನ ಮಣ್ಣಿಗೆ ಕಾಲಿಟ್ಟರು. ಮುಂದಿನ ಒಂದು ತಿಂಗಳಲ್ಲಿ ಸುಮಾರು 40 ಸಾವಿರ ಜನ ಹೀಗೆ ಬಂದರು. ಇರಾನಿಯರು ಅವರನ್ನು ‘ಆಜಾದೆಗಾನ್’, ಅಂದರೆ ಬಿಡುಗಡೆಯಾದವರು, ಎಂದು ಕರೆದರು. ಇವತ್ತಿಗೂ ಅಲ್ಲಿ ಆ ದಿನವನ್ನು ಪ್ರತಿ ವರ್ಷ ಆಚರಿಸುತ್ತಾರೆ.

ಅವರನ್ನು ಬಿಡಿಸಿದ್ದೂ, ನಮ್ಮವರನ್ನು ಬೀದಿಗೆ ತಂದದ್ದೂ ಒಂದೇ ಕೈ. ಈ ಒಂದು ಕೊಂಡಿ ಸಿಕ್ಕಿದ ಮೇಲೆಯೇ ಈ ಕತೆಯನ್ನು ಈ ಪುಟದಲ್ಲಿ ಹೇಳಬೇಕೆಂದು ನಮಗೆ ಕಂಡದ್ದು. ದುಬೈಗೆ, ದಮ್ಮಾಮಿಗೆ ಹೋದವರಷ್ಟು ಸೇನೆಗೆ ಹೋದವರು ನಮ್ಮ ಮನೆಗಳಲ್ಲಿ ಇಲ್ಲ, ನಿಜ. ಆದರೆ ವರ್ಷಗಟ್ಟಲೆ ಹೊರಗಿದ್ದು ಬಂದವನನ್ನು ನೋಡಿ ಸ್ವಂತ ಮಗುವೇ ಉಮ್ಮನ ಹಿಂದೆ ಅಡಗಿ ನಿಂತದ್ದು, ಇದು ಯಾರಮ್ಮಾ ಎಂದು ಕೇಳಿದ್ದು ನಮಗೆ ಹೊಸತಲ್ಲ. ಬಂದವನಿಗೆ ಮನೆಯ ಲೆಕ್ಕ ಗೊತ್ತಿಲ್ಲ, ಮನೆಯವರಿಗೆ ಬಂದವನ ಮನಸ್ಸು ಗೊತ್ತಿಲ್ಲ. ಹಾಗೆಂದು ಗಲ್ಫಿನ ದುಡಿಮೆಯನ್ನೂ ರಣರಂಗವನ್ನೂ ಒಂದೇ ತಕ್ಕಡಿಗೆ ಹಾಕಲು ನಾವು ಹೊರಟಿಲ್ಲ. ದೂರ ಇದ್ದು ಬಂದದ್ದು ಬೇರೆ, ಸಾವನ್ನು ನೋಡಿ ಬಂದದ್ದು ಬೇರೆ.

ಇರಾನ್-ಇರಾಕ್ ಯುದ್ಧ ಶುರುವಾದದ್ದು 1980ರ ಸೆಪ್ಟೆಂಬರ್ 22ಕ್ಕೆ, ನಿಂತದ್ದು 1988ರ ಆಗಸ್ಟ್ 20ಕ್ಕೆ. ಇಬ್ಬರೂ ಮುಸ್ಲಿಮರು, ಎರಡೂ ಕಡೆ ಬಾಂಗ್ ಕೊಡುವವರು. ಇಪ್ಪತ್ತನೇ ಶತಮಾನದ ಕೊನೆಯ ಭಾಗದಲ್ಲಿ ನಡೆದರೂ ಮೊದಲ ಮಹಾಯುದ್ಧದ ಹಾಗೆಯೇ ಕಂದಕ ತೋಡಿ, ಮುಳ್ಳುತಂತಿ ಎಳೆದು, ಅಲೆಅಲೆಯಾಗಿ ಮನುಷ್ಯರನ್ನು ನುಗ್ಗಿಸಿ ಹೋರಾಡಿದ ಯುದ್ಧ ಅದು. ಶಾಲೆ ಬಿಟ್ಟು ಸ್ವಯಂಸೇವಕರಾಗಿ ಬಂದ ಹುಡುಗರು ಮುಂದಿನ ಸಾಲಿನಲ್ಲಿ ಇರುತ್ತಿದ್ದರು. ಇರಾಕ್ ಕಡೆಯಿಂದ ವಿಷಾನಿಲದ ಬಾಂಬು ಬೇರೆ. ಎರಡೂ ದೇಶ ಸೇರಿ ಲಕ್ಷ ಲಕ್ಷ ಜನ ಸತ್ತರು. ಗಡಿ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಇಂಥ ಯುದ್ಧದಲ್ಲಿ ಸೆರೆಸಿಕ್ಕಿದವರು ರಮಾದಿ, ಮೋಸುಲ್, ತಿಕ್ರೀತ್‌ನ ಶಿಬಿರಗಳಲ್ಲಿ ಕೂಡಿಬಿದ್ದಿದ್ದರು. ಕೆಲವರಿಗೆ ಹತ್ತು ವರ್ಷವೇ ಆಗಿತ್ತು. ರೆಡ್‌ಕ್ರಾಸ್‌ನವರ ಪಟ್ಟಿಯಲ್ಲಿ ಹೆಸರು ಬಿದ್ದವರಿಗೆ ಒಂದು ಫಾರ್ಮ್ ಸಿಗುತ್ತಿತ್ತು. ಅದರಲ್ಲಿ ಮನೆಯ ಸುದ್ದಿ ಬಿಟ್ಟು ಬೇರೆ ಏನೂ ಬರೆಯುವ ಹಾಗಿಲ್ಲ. ಬರೆದದ್ದನ್ನು ಎರಡೂ ಕಡೆಯವರು ಓದಿ ನೋಡಿಯೇ ಮುಂದೆ ಕಳಿಸುವುದು. ಪಟ್ಟಿಗೆ ಸೇರದ ಶಿಬಿರಗಳೂ ಇದ್ದವು. ಅಲ್ಲಿದ್ದವರ ಮನೆಗೆ ಒಂದು ಸಾಲು ಕೂಡ ಬರಲಿಲ್ಲ. ಮಗ ಹೋದ ಎಂದು ಸಂತಾಪ ಕೂತು ಮುಗಿಸಿದ ಮನೆಗಳ ಬಾಗಿಲಿಗೇ 1990ರಲ್ಲಿ ಆ ಮಗ ನಡೆದು ಬಂದದ್ದು ಉಂಟು.

ಬಂದ ದಿನದ ಚಿತ್ರಗಳನ್ನು ನೋಡಿದರೆ ಹಬ್ಬದ ಹಾಗೆ ಕಾಣುತ್ತದೆ. ಹೂಮಾಲೆ, ಹೆಗಲ ಮೇಲೆ ಹೊತ್ತ ಮೆರವಣಿಗೆ, ಕೈಯಲ್ಲಿ ಮಗನ ಹಳೆಯ ಫೋಟೋ ಹಿಡಿದು ಬಸ್ಸಿನ ಕಿಟಕಿ ಕಿಟಕಿಗೂ ಇಣುಕುವ ಉಮ್ಮಂದಿರು. ನಮ್ಮ ಪತ್ರಿಕೆಗಳಿಗೂ, ಅವರ ಪತ್ರಿಕೆಗಳಿಗೂ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಮನೆಯವರಿಗೆ ಅಲ್ಲಿಂದ ಶುರು.

ಯೋಚಿಸಿ ನೋಡಿ. 1981ರಲ್ಲಿ ಹೋದವನು 1990ರಲ್ಲಿ ಬಂದಿದ್ದಾನೆ. ಹೋಗುವಾಗ ಇಮಾಂ ಖುಮೈನಿ ಇದ್ದರು, 1989ರಲ್ಲಿ ತೀರಿಕೊಂಡಿದ್ದಾರೆ. ಹೋಗುವಾಗ ಊರೆಲ್ಲ ಕ್ರಾಂತಿಯ ಬಿಸಿ. ಬರುವಾಗ ವ್ಯಾಪಾರ, ಕಟ್ಟಡ, ಬೆಲೆಯೇರಿಕೆಯ ಮಾತು. ತಮ್ಮ ಎಂದುಕೊಂಡಿದ್ದ ಹುಡುಗನಿಗೆ ಗಡ್ಡ ಬಂದು ಎರಡು ಮಕ್ಕಳಾಗಿವೆ. ಬಾಪ ಮೇಲೆ ಹೋಗಿ ಮೂರು ವರ್ಷವಾಗಿದೆ, ಅದನ್ನು ಅವನಿಗೆ ಗಡಿಯಲ್ಲಿ ಯಾರೂ ಹೇಳಿಲ್ಲ. ಶಿಬಿರದಲ್ಲಿ ಎದ್ದೇಳುವುದರಿಂದ ಕಕ್ಕಸಿಗೆ ಹೋಗುವವರೆಗೆ ಎಲ್ಲದಕ್ಕೂ ಕಾವಲಿನವನ ಸೀಟಿ ಇತ್ತು. ಇಲ್ಲಿ ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಹಾಸಿಗೆ ಮೆತ್ತಗಾಗಿ ನಿದ್ದೆ ಬಾರದೆ ನೆಲದಲ್ಲಿ ಮಲಗುವುದು, ಬಾಗಿಲು ಹಾಕಿದರೆ ಎದೆ ಬಿಗಿಯುವುದು, ತಟ್ಟೆಯಲ್ಲಿ ಉಳಿದ ರೊಟ್ಟಿಯ ತುಂಡನ್ನು ಕಿಸೆಗೆ ಹಾಕುವುದು: ದೀರ್ಘ ಸೆರೆವಾಸದಿಂದ ಬಂದವರಲ್ಲಿ ಯಾವ ದೇಶದಲ್ಲೂ ಕಾಣುವ ಸಂಗತಿಗಳು ಇವು. ಮನೆಯವರಿಗೆ ಇದು ವಿಚಿತ್ರ. ಅವನಿಗೆ ಮನೆಯೇ ವಿಚಿತ್ರ.

ಹಲ್ಲು ಮೊಳೆಯದ ಮಗು, ಹಲ್ಲಿನ ಡಾಕ್ಟರು

ಹುಸೈನ್ ಲಶ್ಕರಿ ಎಂಬ ಹೆಸರು ಇರಾನಿನಲ್ಲಿ ಎಲ್ಲರಿಗೂ ಗೊತ್ತು. (ಲಷ್ಕರ್ ಅಂದರೆ ಸೇನೆ ಎಂಬುದು ನಮಗೂ ಗೊತ್ತಿರುವ ಮಾತೇ. ಹೆಸರೇ ಹಾಗೆ ಬಂದಿತ್ತು.) ಯುದ್ಧವಿಮಾನದ ಪೈಲಟ್. 1980ರ ಸೆಪ್ಟೆಂಬರ್ 18ರಂದು, ಅಂದರೆ ಯುದ್ಧ ಅಧಿಕೃತವಾಗಿ ಶುರುವಾಗುವುದಕ್ಕೆ ನಾಲ್ಕು ದಿನ ಮೊದಲು, ಅವರ ವಿಮಾನ ಇರಾಕ್‌ನಲ್ಲಿ ಬಿತ್ತು. ಯುದ್ಧ ಶುರು ಮಾಡಿದ್ದು ಇರಾನೇ ಎಂದು ಲೋಕಕ್ಕೆ ತೋರಿಸಲು ಇರಾಕ್‌ಗೆ ಅವರು ಬೇಕಾಗಿದ್ದರು. ಹಾಗಾಗಿ 1990ರ ಆಗಸ್ಟ್‌ನ ಬಸ್ಸುಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಜೊತೆಯವರೆಲ್ಲ ಹೋದ ಮೇಲೂ ಅವರು ಉಳಿದರು. ಎಷ್ಟೋ ವರ್ಷ ಒಂಟಿ ಕೋಣೆ. ಬಿಡುಗಡೆಯಾದದ್ದು 1998ರ ಎಪ್ರಿಲ್ 6ರಂದು. ಲೆಕ್ಕ ಹಾಕಿದರೆ 6,410 ದಿನ.

ಅವರು ಸೆರೆ ಸಿಕ್ಕಾಗ ಮಗ ಅಲಿಗೆ ನಾಲ್ಕು ತಿಂಗಳು. ಬಂದಾಗ ಆ ಮಗ ದಂತವೈದ್ಯಕೀಯ ಓದುತ್ತಿದ್ದ. ಬಿಟ್ಟು ಹೋದಾಗ ಮಗುವಿಗೆ ಹಲ್ಲೇ ಬಂದಿರಲಿಲ್ಲ, ಬಂದಾಗ ಅವನು ಊರಿನವರ ಹಲ್ಲು ನೋಡುವವನಾಗಿದ್ದ ಎಂದು ಇರಾನಿನಲ್ಲಿ ಜನ ಇವತ್ತೂ ಹೇಳುತ್ತಾರೆ. ಕೇಳಲು ಚೆಂದ. ಆದರೆ ಆ ಮನೆಯ ಒಳಗೆ ನಿಂತು ನೋಡಿ: ಹದಿನೆಂಟು ವರ್ಷದ ಮಗನಿಗೆ ಬಾಪ ಅಂದರೆ ಗೋಡೆಯ ಮೇಲಿನ ಒಂದು ಫೋಟೋ. ಬಾಪನಿಗೆ ಮಗ ಅಂದರೆ ತೊಟ್ಟಿಲಿನ ಒಂದು ಮಗು. ಇಬ್ಬರೂ ಯಾರನ್ನು ಕಾದಿದ್ದರೋ ಅವರು ಬರಲಿಲ್ಲ, ಬಂದದ್ದು ಬೇರೆಯವರು. ಹೆಂಡತಿಯದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಒಂಟಿಯಾದ ಹುಡುಗಿ ಆಕೆ. ಮಗುವಿಗೆ ಉಮ್ಮನೂ ಆಗಿ ಬಾಪನೂ ಆಗಿ, ಗಂಡ ಬದುಕಿದ್ದಾನೋ ಇಲ್ಲವೋ ಎಂಬುದೂ ವರ್ಷಗಟ್ಟಲೆ ತಿಳಿಯದೆ ಕಳೆದರು. ಅವರ ನೆನಪುಗಳೂ ಮುಂದೆ ಪುಸ್ತಕವಾಗಿ ಬಂದವು. ಅದರ ಹೆಸರು ‘ಕನ್ನಡಿಯಿಲ್ಲದ ದಿನಗಳು’ ಎಂದು. ಗಂಡನ ಪುಸ್ತಕದ ಹೆಸರಿನಲ್ಲಿ ದಿನಗಳ ಲೆಕ್ಕ ಇದೆ, ಹೆಂಡತಿಯ ಪುಸ್ತಕದ ಹೆಸರಿನಲ್ಲಿ ಕನ್ನಡಿ ಇದೆ. ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲಶ್ಕರಿ 2009ರ ಆಗಸ್ಟ್‌ನಲ್ಲಿ ತೀರಿಕೊಂಡರು. ಹದಿನೆಂಟು ವರ್ಷ ಕಾದವರಿಗೆ ಸಿಕ್ಕಿದ್ದು ಹನ್ನೊಂದು ವರ್ಷ.

‘ಮೌಜಿ’ ಎಂದರೆ

ಇರಾನಿನಲ್ಲಿ ಇನ್ನೊಂದು ಮಾತಿದೆ, ‘ಮೌಜಿ’. ಮೌಜ್ ಅಂದರೆ ಅಲೆ. ನಮ್ಮ ಮಕ್ಕಳು ಮದ್ರಸದಲ್ಲಿ ಓದುವ ಅರಬಿಯಲ್ಲೂ ಅದೇ ಅರ್ಥ. ಬಾಂಬು ಸಿಡಿದಾಗ ಗಾಳಿಯಲ್ಲಿ ಬರುವ ಹೊಡೆತದ ಅಲೆ ಮೈಗೆ ತಾಗಿ, ಹೊರಗೆ ಗಾಯವಿಲ್ಲದೆ ಒಳಗೆ ಕೆಟ್ಟುಹೋದವನು ಮೌಜಿ. ವಿಚಿತ್ರವೆಂದರೆ ಅದೇ ಮೌಜ್ ಉರ್ದು ದಾರಿಯಲ್ಲಿ ನಮ್ಮಲ್ಲಿಗೆ ಬಂದು ‘ಮೋಜು’ ಆಗಿದೆ. ನಮಗೆ ಮೋಜು ಅಂದರೆ ಮಜಾ. ಅಲ್ಲಿ ಮೌಜಿಯ ಮನೆಯಲ್ಲಿ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಇಂಗ್ಲಿಷರು ಮೊದಲ ಮಹಾಯುದ್ಧದಲ್ಲಿ ಇದಕ್ಕೆ ‘ಶೆಲ್ ಶಾಕ್’ ಎಂದರು. 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ಡಾಕ್ಟರರು ವೈದ್ಯಕೀಯ ಪತ್ರಿಕೆಯಲ್ಲಿ ಆ ಹೆಸರಿನಲ್ಲಿ ಬರೆದರು. ಮೊದಮೊದಲು ಎಲ್ಲರೂ ಎಣಿಸಿದ್ದು ಇರಾನಿಯರ ಹಾಗೆಯೇ, ಶೆಲ್ ಸಿಡಿದ ಹೊಡೆತಕ್ಕೆ ಮಿದುಳು ಅಲುಗಿದೆ ಎಂದು. ಆದರೆ ಶೆಲ್ ಸಿಡಿದ ಕಡೆ ಸುಳಿಯದವರಲ್ಲೂ ಅದೇ ನಡುಕ, ಅದೇ ಮೂಕತನ ಕಂಡಿತು. ಎಷ್ಟೋ ಮಂದಿಯನ್ನು ಹೇಡಿಗಳೆಂದು ಕರೆದರು. ಓಡಿಹೋದದ್ದಕ್ಕೆ, ಹೇಡಿತನಕ್ಕೆ ಎಂದು ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದದ್ದೂ ಉಂಟು. ಅಂಥ 306 ಮಂದಿಗೆ ಅಲ್ಲಿನ ಸರಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಸತ್ತು ತೊಂಬತ್ತು ವರ್ಷವಾದ ಮೇಲೆ. ಇವತ್ತು ಡಾಕ್ಟರರು ಬಳಸುವ ‘ಪಿಟಿಎಸ್‌ಡಿ’ ಎಂಬ ಹೆಸರು ಅಮೆರಿಕದ ಮನೋವೈದ್ಯರ ಪುಸ್ತಕಕ್ಕೆ ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದ ಸೈನಿಕರ ಸಂಕಟ ನೋಡಿ. ಇರಾನಿನ ಹುಡುಗರು ರಣರಂಗಕ್ಕೆ ಹೋಗಲು ಶುರು ಮಾಡಿದ್ದೂ ಅದೇ ವರ್ಷ.

ವಿಯೆಟ್ನಾಂನವರ ವಿಷಯದಲ್ಲಿ ಒಂದು ಸಂಗತಿ ನಮಗೆ ತುಂಬ ಮುಖ್ಯ ಎಂದು ಕಾಣುತ್ತದೆ. ಎರಡನೇ ಮಹಾಯುದ್ಧ ಮುಗಿಸಿದ ಸೈನಿಕರು ಹಡಗಿನಲ್ಲಿ ವಾರಗಟ್ಟಲೆ ಒಟ್ಟಿಗೇ ಪ್ರಯಾಣ ಮಾಡಿ ಊರು ಸೇರಿದರು. ದಾರಿಯಲ್ಲಿ ಮಾತಾಡಿದರು, ಅತ್ತರು, ಜಗಳವಾಡಿದರು, ಇಸ್ಪೀಟು ಆಡಿದರು. ವಿಯೆಟ್ನಾಂನವನು ಒಂದು ವರ್ಷದ ಅವಧಿ ಮುಗಿದ ಕೂಡಲೇ ಒಬ್ಬನೇ ವಿಮಾನ ಹತ್ತಿ, ಎರಡು-ಮೂರು ದಿನದಲ್ಲಿ ಕಾಡಿನಿಂದ ಅಮ್ಮನ ಅಡುಗೆಮನೆಗೆ ಬಂದು ಬಿದ್ದ. ಮೈ ಬಂತು, ಮನಸ್ಸಿಗೆ ಬರಲು ಸಮಯ ಸಿಗಲಿಲ್ಲ.

ಮೌಜಿಯ ಮನೆ ಹೇಗಿರುತ್ತದೆ? ಸ್ಟೀಲಿನ ಪಾತ್ರೆ ಕೆಳಗೆ ಬಿದ್ದರೆ ಅವನು ಗೋಡೆಗೆ ಒರಗಿ ಕೂತುಬಿಡುತ್ತಾನೆ. ಇರಾನಿನಲ್ಲಿ ನೌರೋಜ್‌ಗೆ ಮುಂಚಿನ ಕೊನೆಯ ಮಂಗಳವಾರ ರಾತ್ರಿ ಬೆಂಕಿ ಹಾರಿ ಪಟಾಕಿ ಸಿಡಿಸುತ್ತಾರೆ. ನಮ್ಮ ಕಡೆಯ ಗರ್ನಾಲಿನ ಸದ್ದನ್ನು ನೆನೆಸಿಕೊಳ್ಳಿ; ಅಂಥ ರಾತ್ರಿ ಇಂಥ ಮನೆಯವರಿಗೆ ಹೇಗೆ ಕಳೆಯಬೇಡ! ಸಿಟ್ಟು ಎಲ್ಲಿಂದ ಬರುತ್ತದೆಂದು ಅವನಿಗೇ ತಿಳಿಯುವುದಿಲ್ಲ. ಬಂದು ಹೋದ ಮೇಲೆ ನಾಚಿಕೆ. ಆ ನಾಚಿಕೆಯಿಂದ ಇನ್ನಷ್ಟು ಮೌನ. ಮಕ್ಕಳು ಕಾಲ್ತುದಿಯಲ್ಲಿ ನಡೆಯಲು ಕಲಿಯುತ್ತವೆ. ಬಾಪನ ಮುಖ ನೋಡಿ ಇವತ್ತು ಮಾತಾಡಬಹುದೋ ಇಲ್ಲವೋ ಎಂದು ಅಳೆಯುವುದನ್ನು ಐದು ವರ್ಷದ ಮಗುವೂ ಕಲಿಯುತ್ತದೆ. ಹೆಂಡತಿ ನೆಂಟರ ಮದುವೆಗೆ ಹೋಗುವುದನ್ನು ಬಿಡುತ್ತಾಳೆ, ಕೇಳಿದರೆ ತಲೆನೋವು ಎನ್ನುತ್ತಾಳೆ. ಯುದ್ಧಕ್ಕೆ ಹೋದವನು ಒಬ್ಬ, ಗಾಯವಾದವರು ನಾಲ್ಕು ಜನ.

ಅಲ್ಲಿನ ಸಿನೆಮಾದವರು ಇದನ್ನು ಮುಚ್ಚಿಡಲಿಲ್ಲ ಎಂಬುದು ನಮಗೆ ಮೆಚ್ಚುಗೆಯ ವಿಷಯ. ಮುಹ್ಸಿನ್ ಮಖ್ಮಲ್‌ಬಾಫ್ ಯುದ್ಧ ನಿಂತ ಮರುವರ್ಷವೇ, 1989ರಲ್ಲಿ, ‘ಪುಣ್ಯವಂತರ ಮದುವೆ’ ಎಂಬರ್ಥದ ಹೆಸರಿನ ಚಿತ್ರ ತೆಗೆದರು. ರಣರಂಗದ ಫೋಟೋಗ್ರಾಫರ್ ಒಬ್ಬ ಮಾನಸಿಕ ಆಸ್ಪತ್ರೆಯಿಂದ ಹೊರಬಂದು ನಿಶ್ಚಯವಾದ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಹುಡುಗಿಯ ಬಾಪ ದೊಡ್ಡ ವ್ಯಾಪಾರಿ. ಯಾರಿಗಾಗಿ ಸಾಯಲು ಹೋದೆವೋ ಆ ಊರಿನಲ್ಲಿ ಕೆಲವರು ದಾಸ್ತಾನು ಮಾಡಿ ಹಣ ಮಾಡಿದ್ದಾರೆ, ಬಡವ ಬೀದಿಯಲ್ಲೇ ಇದ್ದಾನೆ. ಮದುವೆಯ ದಿನ ಅವನು ಮತ್ತೆ ಕುಸಿಯುತ್ತಾನೆ. ಇಬ್ರಾಹಿಂ ಹಾತಮಿಕಿಯಾ ಅವರ 1998ರ ‘ಗಾಜಿನ ಏಜೆನ್ಸಿ’ ಇನ್ನೂ ಗಟ್ಟಿ. ಕುತ್ತಿಗೆಯಲ್ಲಿ ಬಾಂಬಿನ ಚೂರು ಇಟ್ಟುಕೊಂಡೇ ಹೊಲ ಉಳುತ್ತಿದ್ದ ಗೆಳೆಯನನ್ನು ಆಪರೇಷನ್‌ಗೆ ಲಂಡನ್‌ಗೆ ಕಳಿಸಲು ಟಿಕೆಟಿನ ಹಣ ಹೊಂದದೆ, ಹಳೆಯ ಕಮಾಂಡರ್ ಒಬ್ಬ ಟ್ರಾವೆಲ್ ಏಜೆನ್ಸಿಯಲ್ಲಿ ಇದ್ದವರನ್ನೇ ಒತ್ತೆ ಹಿಡಿಯುತ್ತಾನೆ. ಒಳಗೆ ಸಿಕ್ಕಿಬಿದ್ದ ಜನ ಜಗಳಕ್ಕೇ ನಿಲ್ಲುತ್ತಾರೆ. ಯುದ್ಧ ಮುಗಿದು ಹತ್ತು ವರ್ಷವಾಯ್ತು, ನಿಮ್ಮ ಸಾಲ ಇನ್ನೂ ಎಷ್ಟು ತೀರಿಸಬೇಕು ಎಂಬ ಧಾಟಿ ಅವರದ್ದು. ಅವರ ಮಾತಿನಲ್ಲೂ ಹುರುಳಿಲ್ಲ ಎನ್ನಲಾಗದು, ಅದೇ ಆ ಚಿತ್ರದ ಕಷ್ಟ. ಗೆಳೆಯ ವಿಮಾನದಲ್ಲೇ, ಇರಾನಿನ ಗಡಿ ದಾಟುವ ಮೊದಲೇ ತೀರಿಹೋಗುತ್ತಾನೆ.

ಹಾಗೆಂದು ಸರಕಾರ ಕೈಕಟ್ಟಿ ಕೂತಿತ್ತೆಂದಲ್ಲ. ಗಾಯಗೊಂಡವರಿಗೆ ‘ಜಾನ್‌ಬಾಜ್’ ಎಂಬ ಗೌರವದ ಹೆಸರು, ಪಿಂಚಣಿ, ಮಕ್ಕಳಿಗೆ ಕಾಲೇಜಿನಲ್ಲಿ ಮೀಸಲು ಸೀಟು ಎಲ್ಲ ಇದೆ. ಆದರೆ ಎಲ್ಲ ಶೇಕಡಾ ಲೆಕ್ಕದಲ್ಲಿ. ಕಾಲು ಹೋದರೆ ಇಷ್ಟು ಶೇಕಡಾ, ಕಣ್ಣು ಹೋದರೆ ಇಷ್ಟು. ಮನಸ್ಸು ಹೋದರೆ? ಯಾವ ದಿನ, ಯಾವ ಕಂದಕದಲ್ಲಿ, ಯಾವ ಬಾಂಬಿಗೆ ಹೋಯಿತು ಎಂಬ ಕಾಗದ ಬೇಕು. ಆವತ್ತು ಗಾಯವಿಲ್ಲ ಎಂದು ಆಸ್ಪತ್ರೆಗೇ ಹೋಗದವನ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಮೀಸಲು ಸೀಟಿನ ಬಗ್ಗೆ ನೆರೆಮನೆಯವರ ಗೊಣಗಾಟ ಬೇರೆ. ಈ ಮಾತು ಯಾವ ಊರಿನಲ್ಲಿ ಕೇಳಿಲ್ಲ ನಾವು!

ವಿಷಾನಿಲ ಕುಡಿದವರದ್ದು ಮತ್ತೂ ನಿಧಾನದ ಕತೆ. ಮಸ್ಟರ್ಡ್ ಗ್ಯಾಸ್ ತಾಗಿದ ಕೂಡಲೇ ನೋವಾಗುವುದಿಲ್ಲ. ಗಂಟೆಗಳು ಕಳೆದ ಮೇಲೆ ಕಣ್ಣು ಉರಿ, ಚರ್ಮದ ಮೇಲೆ ಗುಳ್ಳೆ. ಅದು ಗುಣವಾಯಿತೆಂದು ಮನೆಗೆ ಬಂದು ಮದುವೆಯಾಗಿ ಮಕ್ಕಳಾದ ಮೇಲೆ, ಹತ್ತು ಇಪ್ಪತ್ತು ವರ್ಷದ ನಂತರವೂ ಶ್ವಾಸಕೋಶ ಕೆಡುತ್ತಾ ಹೋಗುತ್ತದೆ. 1987ರ ಜೂನ್ 28ರಂದು ಸರ್ದಶ್ತ್ ಎಂಬ ಪಟ್ಟಣದ ಮೇಲೆ ಅದನ್ನು ಸುರಿದರು. ಅಲ್ಲಿದ್ದದ್ದು ಸೈನಿಕರಲ್ಲ, ಸಂಸಾರಸ್ಥರು. ಇಂಥವರಿಗೆ ಒಗ್ಗರಣೆಯ ಹೊಗೆ ಆಗುವುದಿಲ್ಲ, ಊದ್‌ನ ಹೊಗೆ ಆಗುವುದಿಲ್ಲ, ಮೂಗಿಗೆ ಹೊಡೆಯುವ ಅತ್ತರು ಆಗುವುದಿಲ್ಲ. ಪೆರ್ನಾಳಿನ ದಿನ ಅಪ್ಪಿಕೊಳ್ಳಲು ಬಂದವರಿಂದ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಸೊಕ್ಕು ಎಂದುಕೊಂಡವರೂ ಇರಬಹುದು.

ಕಾದವಳ ಲೆಕ್ಕ

ಯೋಧನ ಮಾತು ಬಂದಲ್ಲೆಲ್ಲ ಕಾದು ಕೂತವಳ ಮಾತು ಹಿಂದೆ ಬೀಳುತ್ತದೆ. ನಮ್ಮ ಹಿರಿಯರು ಹಾಗೆ ಬಿಟ್ಟಿಲ್ಲ. ಖಲೀಫ ಉಮರ್ (ರ) ಅವರು ರಾತ್ರಿ ಗಸ್ತು ತಿರುಗುವಾಗ, ಗಂಡ ಯುದ್ಧಕ್ಕೆ ಹೋಗಿ ಒಂಟಿಯಾದ ಹೆಣ್ಣೊಬ್ಬಳು ತನ್ನ ಸಂಕಟ ಹಾಡಿಕೊಳ್ಳುವುದು ಕೇಳಿತು. ಅವರು ಮಗಳು ಹಫ್ಸಾ (ರ) ಅವರ ಹತ್ತಿರ ಹೋಗಿ, ಗಂಡನಿಲ್ಲದೆ ಹೆಣ್ಣು ಎಷ್ಟು ತಿಂಗಳು ತಾಳಿಕೊಳ್ಳಬಲ್ಲಳು ಎಂದು ಕೇಳಿದರು. ಆಮೇಲೆ ಸೈನಿಕರನ್ನು ಅಷ್ಟಕ್ಕಿಂತ ಹೆಚ್ಚು ಕಾಲ ಮನೆಯಿಂದ ದೂರ ಇಡಬಾರದೆಂದು ಆಜ್ಞೆ ಮಾಡಿದರು. ನಾಲ್ಕು ತಿಂಗಳು ಎಂದು ಒಂದು ವರದಿ, ಆರು ಎಂದು ಇನ್ನೊಂದು. ಸೈನಿಕರ ರಜೆಯ ನಿಯಮ ಒಬ್ಬ ಹೆಣ್ಣಿನ ಮಾತು ಕೇಳಿ ಆಯಿತು ಎಂಬುದನ್ನು ನಮ್ಮ ಗಲ್ಫ್ ವೀಸಾದ ಕಾಲದಲ್ಲಿ ಯಾರೂ ಹೆಚ್ಚು ನೆನಪಿಸುವುದಿಲ್ಲ, ಬಿಡಿ.

ಬುಖಾರಿ, ಮುಸ್ಲಿಂ ಗ್ರಂಥಗಳಲ್ಲಿ ಜಾಬಿರ್ (ರ) ಅವರ ವರದಿಯೂ ಇದೆ. ಒಂದು ಯುದ್ಧಯಾತ್ರೆ ಮುಗಿಸಿ ಮದೀನಾದ ಹತ್ತಿರ ಬಂದಾಗ ಎಲ್ಲರಿಗೂ ಮನೆ ಸೇರುವ ಅವಸರ. ಪ್ರವಾದಿಯವರು (ಸ) ಸ್ವಲ್ಪ ನಿಲ್ಲಿ ಎಂದರು. ಮನೆಯಲ್ಲಿ ಕೂದಲು ಕೆದರಿಕೊಂಡು ಕೂತವಳು ಬಾಚಿಕೊಳ್ಳಲಿ, ತಯಾರಾಗಲಿ ಎಂದು. ಉಸ್ತಾದರು ಇದನ್ನು ಸಾಮಾನ್ಯವಾಗಿ ಪ್ರಯಾಣದ ಅದಬಿನಲ್ಲಿ ಹೇಳುತ್ತಾರೆ. ರಣರಂಗಕ್ಕೂ ಮನೆಯ ಹೊಸ್ತಿಲಿಗೂ ನಡುವೆ ಸ್ವಲ್ಪ ಸಮಯ ಬೇಕು ಎಂಬುದು ಅದರಲ್ಲೇ ಇದೆ ಎಂದು ನಮಗೆ ಅನಿಸುತ್ತದೆ. ವಿಯೆಟ್ನಾಂನವರಿಗೆ ಸಿಗದೆ ಹೋದದ್ದು ಅದೇ ಸಮಯ.

ಆ ಸಮಯ ಸಿಗದೆ, ಮೇಲೆ ಊರೆಲ್ಲ ನ್ಯಾಯ ಹೇಳಲು ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶವೇ 2004ರಲ್ಲಿ ನೋಡಿತು. ಉತ್ತರ ಪ್ರದೇಶದ ಒಬ್ಬ ಮುಸ್ಲಿಂ ಜವಾನ. ಮದುವೆಯಾಗಿ ಕೆಲವೇ ದಿನಕ್ಕೆ ಕಾರ್ಗಿಲ್ ಕಾಲದಲ್ಲಿ ಕರೆ ಬಂತು, ಹೋದ, 1999ರಲ್ಲಿ ಕಾಣೆಯಾದ. ಓಡಿಹೋದವನೆಂದು ಕಾಗದದಲ್ಲಿ ಬರೆದರು. ನಿಜವಾಗಿ ಅವನು ಪಾಕಿಸ್ತಾನದ ಜೈಲಿನಲ್ಲಿದ್ದ. ಮನೆಯವರು ವರ್ಷಗಟ್ಟಲೆ ಕಾದು, ಹುಡುಗಿಗೆ ಇನ್ನೊಂದು ಮದುವೆ ಮಾಡಿದರು. 2004ರ ಆಗಸ್ಟ್‌ನಲ್ಲಿ ಅವನು ಬಿಡುಗಡೆಯಾಗಿ ಬಂದಾಗ ಆಕೆ ತುಂಬು ಗರ್ಭಿಣಿ. ಹೆಸರು ನಾವು ಬರೆಯುವುದಿಲ್ಲ. ಆ ಕಾಲದ ಟೀವಿಗಳು ಆ ಹೆಸರುಗಳನ್ನು ಬೇಕಾದಷ್ಟು ಎಳೆದಾಡಿವೆ. ಪಂಚಾಯತಿ ಕೂತಿತು, ಕ್ಯಾಮೆರಾ ಎದುರೂ ಕೂತಿತು. ಧರ್ಮ ಬಲ್ಲವರು, ಊರಿನ ಹಿರಿಯರು, ಎರಡೂ ಕಡೆಯ ನೆಂಟರು ಸೇರಿ, ದೇಶ ನೋಡುತ್ತಿರುವಾಗ, ಆಕೆ ಯಾರ ಮನೆಗೆ ಹೋಗಬೇಕು, ಹುಟ್ಟಲಿರುವ ಮಗು ಎಲ್ಲಿ ಬೆಳೆಯಬೇಕು ಎಂದು ಚರ್ಚೆ ಮಾಡಿದರು. ಮೊದಲ ನಿಕಾಹ್ ಮುರಿದಿಲ್ಲ ಎಂದು ಆಕೆಯನ್ನು ಮೊದಲ ಗಂಡನ ಮನೆಗೆ ಕಳಿಸಿದರು. 2006ರ ಆರಂಭದಲ್ಲೇ ಆಕೆ ತೀರಿಕೊಂಡರು. ಐದು ವರ್ಷ ಶತ್ರುವಿನ ಜೈಲಿನಲ್ಲಿ ಕಳೆದು ಬಂದ ಆ ಯುವಕನಿಗೆ ನಿನ್ನ ನಿದ್ದೆ ಹೇಗಿದೆ ಎಂದು ಯಾರಾದರೂ ಕೇಳಿದ್ದರೋ ಎಂದು ನಾವು ಯೋಚಿಸುವುದುಂಟು. ಅವನೂ ಅಪರಾಧಿಯಲ್ಲ, ಆಕೆಯೂ ಅಲ್ಲ, ಎರಡನೆಯ ಗಂಡನೂ ಅಲ್ಲ.

ಇಂಥದಕ್ಕೆ ದಾರಿ ಕಾನೂನಿನಲ್ಲಿ ಮೊದಲೇ ಇತ್ತು. ನಮ್ಮ ಶಾಫಿಈ ಮದ್ಹಬ್‌ನಲ್ಲಿ ಕಾಣೆಯಾದವನ ಹೆಂಡತಿಯ ಬಗ್ಗೆ ಎರಡು ಅಭಿಪ್ರಾಯ ಉಂಟು: ನಾಲ್ಕು ವರ್ಷ ಕಾದು ಇದ್ದತ್ ಮುಗಿಸಬಹುದು ಎಂಬುದು ಹಳೆಯದು, ಸಾವು ಖಚಿತವಾಗುವವರೆಗೆ ಕಾಯಬೇಕೆಂಬುದು ನಂತರದ್ದು. ಮಾಲಿಕಿಗಳದ್ದು ನಾಲ್ಕು ವರ್ಷ. ಹೆಂಗಸರು ಕೊನೆಯಿಲ್ಲದೆ ಕಾಯುವುದನ್ನು ನೋಡಲಾರದೆ ಹನಫಿ ಉಲಮಾಗಳೇ ಮಾಲಿಕಿ ಅಭಿಪ್ರಾಯ ತೆಗೆದುಕೊಂಡು ಒತ್ತಾಯ ಮಾಡಿದ್ದರ ಫಲವಾಗಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದು. ತೀರ್ಪು ಬಂದರೂ ಆರು ತಿಂಗಳು ಜಾರಿಯಾಗುವುದಿಲ್ಲ. ಅಷ್ಟರಲ್ಲಿ ಗಂಡ ಬಂದು, ಸಂಸಾರ ಮಾಡಲು ತಯಾರಿದ್ದೇನೆ ಎಂದು ಕೋರ್ಟಿಗೆ ಮನವರಿಕೆ ಮಾಡಿದರೆ ತೀರ್ಪು ರದ್ದು. ಬರಬಹುದಾದವನಿಗೂ ಕಾದವಳಿಗೂ ಇಬ್ಬರಿಗೂ ಬಾಗಿಲು ಇಟ್ಟ ಕಾನೂನು. ಜಮಾಅತ್ ಕಮಿಟಿಗಳಲ್ಲಿ ಇರುವವರು ಇದನ್ನು ತಿಳಿದಿರುವುದು ಒಳ್ಳೆಯದು. ಕಾಣೆಯಾಗಲು ಯುದ್ಧವೇ ಆಗಬೇಕೆಂದಿಲ್ಲವಲ್ಲ.

ಇನ್ನು ಚಿಕಿತ್ಸೆಯ ಮಾತು. ನಮ್ಮಲ್ಲಿ ಒಬ್ಬನಿಗೆ ರಾತ್ರಿ ಬೆಚ್ಚಿಬೀಳುವುದು ಶುರುವಾದರೆ ಮೊದಲು ನೂಲು ಮಂತ್ರಿಸಿ ಕಟ್ಟುತ್ತೇವೆ, ಕಣ್ಣು ತಾಗಿದೆ ಎನ್ನುತ್ತೇವೆ. ದುಆ ಬೇಡ ಎಂದು ನಾವು ಹೇಳುವುದಿಲ್ಲ, ಅದು ಮನಸ್ಸಿಗೆ ಬಲ. ಆದರೆ ಅಲ್ಲಿಗೇ ನಿಲ್ಲಬೇಡಿ. ಭಯಂಕರವಾದ್ದನ್ನು ಕಂಡವನಿಗೆ ಒಂದು ತಿಂಗಳು ದಾಟಿದರೂ ಅದೇ ಕನಸು, ಅದೇ ಬೆಚ್ಚುವಿಕೆ, ಜನರಿಂದ ದೂರ ಸರಿಯುವುದು, ಕಾರಣವಿಲ್ಲದ ಸಿಟ್ಟು ಇದ್ದರೆ ಅದಕ್ಕೆ ಮದ್ದುಂಟು, ಮಾತಿನ ಚಿಕಿತ್ಸೆ ಉಂಟು. ನೆನಪನ್ನು ಸ್ವಲ್ಪಸ್ವಲ್ಪವಾಗಿ, ತಿಳಿದವರ ಜೊತೆ ಕೂತು ಬಿಡಿಸಿಕೊಳ್ಳುವ ಕ್ರಮ ಅದು. ಮನೆಯವರು ಬಲವಂತವಾಗಿ ಬಾಯಿಬಿಡಿಸಲು ಹೋಗಬಾರದು. ಎಷ್ಟು ಜನರನ್ನು ಕೊಂದೆ ಎಂದು ಕೇಳುವ ನೆಂಟರನ್ನು ಹೊಸ್ತಿಲಲ್ಲೇ ತಡೆಯಬೇಕು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತನ್ನಂತೂ ದಯವಿಟ್ಟು ಬಿಡಿ. ಸರಿಹೋಗುವುದಿಲ್ಲ, ಇನ್ನೊಂದು ಹುಡುಗಿ ಒಳಗೆ ಸಿಕ್ಕಿಬೀಳುತ್ತಾಳೆ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ನಿವೃತ್ತ ಸೈನಿಕರಿಗೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ, ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ನಲವತ್ತಕ್ಕೆ ಮುಂಚೆಯೇ ನಿವೃತ್ತಿಯಾಗಿ ಬಂದು ಸೆಕ್ಯುರಿಟಿ ಕೆಲಸಕ್ಕೆ ನಿಂತ ಜವಾನರು ನಮ್ಮ ಪಟ್ಟಣಗಳಲ್ಲೂ ಕಾಣಸಿಗುತ್ತಾರೆ. ಎಟಿಎಂ ಬಾಗಿಲಲ್ಲಿ ಸೆಲ್ಯೂಟ್ ಹೊಡೆಯುವವರು ಯಾವ ಬೆಟ್ಟ ಹತ್ತಿ ಇಳಿದು ಬಂದರೋ ನಮಗೆ ಗೊತ್ತಿರುವುದಿಲ್ಲ.

ಟೆಹ್ರಾನಿನ ಒಂದು ಉದ್ಯಾನದ ಒಳಗೆ ಶಾಂತಿ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಬಂದವರಿಗೆ ವಿವರಿಸಿ ಹೇಳುವವರಲ್ಲಿ ವಿಷಾನಿಲ ಕುಡಿದ ಹಳೆಯ ಸೈನಿಕರೂ ಇದ್ದಾರೆ. ಮಾತಿನ ನಡುವೆ ಕೆಮ್ಮು ಬರುತ್ತದೆ, ನಿಲ್ಲಿಸಿ, ಉಸಿರು ಹಿಡಿದು ಮತ್ತೆ ಮುಂದುವರಿಸಬೇಕು. ಶಾಲೆಯ ಮಕ್ಕಳು ಸುತ್ತ ನಿಂತು ಕೇಳುತ್ತಾರೆ. ಆಗಸ್ಟ್ 6ರ ಸ್ಮರಣೆಗೆ ಇವರಲ್ಲಿ ಕೆಲವರು ಜಪಾನಿನ ಹಿರೋಶಿಮಾಕ್ಕೆ ಹೋಗಿ, ಅಣುಬಾಂಬಿನಲ್ಲಿ ಬದುಕುಳಿದ ಮುದುಕ ಮುದುಕಿಯರ ಜೊತೆ ಕೂತು ಬಂದದ್ದೂ ಉಂಟು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದ್ದು. ನಡುವೆ ಒಬ್ಬ ದುಭಾಷಿ ಇರುತ್ತಾನೆ.